ನಿಮ್ಮದೇ ಕಮೆಂಟನ್ನು ಜಗಳವಿಲ್ಲದೆ ಹಿಂತೆಗೆದುಕೊಳ್ಳುವುದು ಹೇಗೆ?

ಡಿಲೀಟ್ ಒತ್ತುವ ಮುಂಚೆ ಒಂದೇ ಒಂದು ವಿಷಯ ನೋಡಿ: ನಿಮ್ಮ ಕಮೆಂಟಿಗೆ ಯಾರಾದರೂ ಉತ್ತರ ಕೊಟ್ಟಿದ್ದಾರಾ? ಕೊಟ್ಟಿಲ್ಲ ಅಂದರೆ ಆರಾಮಾಗಿ ಅಳಿಸಿ. ಕೊಟ್ಟಿದ್ದಾರೆ ಅಂದರೆ ಅಳಿಸಬೇಡಿ, ಗೀಟು ಎಳೆಯಿರಿ, ಅಂದರೆ ಮಾತು ಓದಲು ಸಿಗುವ ಹಾಗೇ ಅದರ ಮೇಲೆ ಅಡ್ಡಗೆರೆ ಹಾಕಿ. ಅವಸರದಲ್ಲಿ ಇರುವವರು ಇಷ್ಟು ಓದಿಕೊಂಡು ಹೋದರೂ ನಡೆಯುತ್ತದೆ.

ನಾನು ಬಹಳ ಕಾಲದಿಂದ ವಿಕಿಪೀಡಿಯದಲ್ಲಿ ಬರೆಯುತ್ತಿದ್ದೇನೆ. ಇನ್ನೊಂದು ಸಣ್ಣ ವಿಕಿಯಲ್ಲಿ ನಿರ್ವಾಹಕಿಯೂ ಆಗಿದ್ದೆ. ಲೇಖನದ ವಿಷಯಕ್ಕೆ ಕಿತ್ತಾಡಿ ನನ್ನ ಹತ್ತಿರ ಪಂಚಾಯ್ತಿಗೆ ಬಂದವರು ಕಡಿಮೆ. "ಅವರು ಹೇಳಿದ್ದನ್ನು ಅವರೇ ಅಳಿಸಿಬಿಟ್ಟರು", "ನಾನು ಅಳಿಸಿದ್ದನ್ನು ಇವರು ವಾಪಸ್ ಹಾಕಿದರು" ಅಂತ ಬಂದವರೇ ಜಾಸ್ತಿ. ಇಬ್ಬರಿಗೂ ತಾವೇ ಸರಿ ಅನ್ನುವ ನಂಬಿಕೆ. ಒಬ್ಬರಿಗೆ ಅದು ತನ್ನ ಸ್ವಂತ ಮಾತು. ಇನ್ನೊಬ್ಬರಿಗೆ ಅದು ತನ್ನ ಉತ್ತರದ ಅರ್ಧ. ನನ್ನ ಪ್ರಕಾರ ಎರಡನೆಯವರ ವಾದವೇ ಗಟ್ಟಿ. ಮುಂದಿನ ಸಲಹೆಗಳೆಲ್ಲ ಅದೇ ನಿಲುವಿನ ಮೇಲೆ ನಿಂತಿವೆ.

ಯಾರೂ ಉತ್ತರಿಸಿಲ್ಲದಿದ್ದರೆ

ಇದು ಸುಲಭ. ಬರೆದ ಎರಡು ನಿಮಿಷಕ್ಕೆ "ಅಯ್ಯೋ, ಇದು ಬೇಡವಾಗಿತ್ತು" ಅನ್ನಿಸಿದರೆ ತೆಗೆದುಬಿಡಿ. ವಿಕಿಪೀಡಿಯದಲ್ಲಿ ಪ್ರತಿ ಲೇಖನದ ಜೊತೆಗೂ ಅದರ ಬಗ್ಗೆ ಮಾತಾಡಲು ಒಂದು ಚರ್ಚೆ ಪುಟ ಇರುತ್ತದೆ, ಅದರ ನಿಯಮವೂ ಇದನ್ನು ಒಪ್ಪುತ್ತದೆ. ಅಕ್ಷರ ತಪ್ಪು ತಿದ್ದುವುದಕ್ಕಂತೂ ಯಾರ ಅಪ್ಪಣೆಯೂ ಬೇಡ.

ಆದರೆ ಉತ್ತರ ಬಂದಿಲ್ಲ ಅಂದ ಮಾತ್ರಕ್ಕೆ ಯಾರೂ ಓದಿಲ್ಲ ಅಂತ ಅಂದುಕೊಳ್ಳಬೇಡಿ. ನೀವು ಹೆಸರು ಹಾಕಿ ಕರೆದವರಿಗೆ ನೋಟಿಫಿಕೇಶನ್ ಹೋಗಿರುತ್ತದೆ. ಪ್ರೋಗ್ರಾಮರ್‌ಗಳು ಕೋಡ್ ಹಂಚಿಕೊಳ್ಳುವ ಗಿಟ್‌ಹಬ್‌ನಲ್ಲಾದರೆ ಕಮೆಂಟೇ ಈಮೇಲ್ ಆಗಿ ಹೋಗಿರುತ್ತದೆ. ಪುಟದಿಂದ ತೆಗೆದರೂ ಅವರ ಇನ್‌ಬಾಕ್ಸಿನಿಂದ ತೆಗೆಯಲು ನಿಮ್ಮಿಂದ ಆಗದು. ಅವರು ಲಿಂಕ್ ಒತ್ತಿ ಬಂದರೆ ಇಲ್ಲಿ ಏನೂ ಇರುವುದಿಲ್ಲ. ಯಾಕೆ ಕರೆದರು, ಯಾಕೆ ತೆಗೆದರು ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ಹಾಗಾಗಿ ಯಾರನ್ನಾದರೂ ಕರೆದಿದ್ದರೆ ಒಂದು ಸಾಲು ಬಿಟ್ಟು ಹೋಗಿ. ವಿಕಿಯಲ್ಲಿ ಸಂಪಾದನೆಯ ಸಾರಾಂಶ ಅನ್ನುವ ಡಬ್ಬಿ ಇರುವುದೇ ಇದಕ್ಕೆ. "ನನ್ನ ಕಮೆಂಟ್ ತೆಗೆದಿದ್ದೇನೆ, ಬೇರೆ ಪುಟದಲ್ಲಿ ಕೇಳಬೇಕಿತ್ತು" ಅಂದರೆ ಮುಗಿಯಿತು.

ಇನ್ನೊಂದು ಸಣ್ಣ ಮಾತು. ಪ್ರಶ್ನೆ ಕೇಳಿದಿರಿ, ಯಾರೂ ಉತ್ತರಿಸಲಿಲ್ಲ, ಆಮೇಲೆ ನಿಮಗೇ ಉತ್ತರ ಹೊಳೆಯಿತು. ಆಗ ಪ್ರಶ್ನೆ ಅಳಿಸುವವರು ತುಂಬ ಜನ ಇದ್ದಾರೆ. ದಯವಿಟ್ಟು ಬೇಡ. ಅದರ ಕೆಳಗೇ ಉತ್ತರ ಬರೆಯಿರಿ. ಅದೇ ತೊಂದರೆ ಇರುವ ಇನ್ನೊಬ್ಬರು ಹುಡುಕಿಕೊಂಡು ಅಲ್ಲಿಗೇ ಬರುತ್ತಾರೆ.

ಉತ್ತರ ಬಂದ ಮೇಲೆ

ಒಂದು ಪ್ರಸಂಗ ಹೇಳುತ್ತೇನೆ. ಹೆಸರು ಬೇಡ, ಮೊದಲನೆಯವರು, ಎರಡನೆಯವರು ಅನ್ನೋಣ. ಮೊದಲನೆಯವರು ಒಂದು ಲೇಖನದ ಚರ್ಚೆ ಪುಟದಲ್ಲಿ ಹೀಗೆ ಬರೆದರು: "ಈ ಉಲ್ಲೇಖ ಸುಳ್ಳು. ಆ ಪುಸ್ತಕದಲ್ಲಿ ಹೀಗೆ ಎಲ್ಲೂ ಇಲ್ಲ. ಇದು ನೀವೇ ಹುಟ್ಟಿಸಿದ್ದು." ಎರಡನೆಯವರು ಪುಸ್ತಕ ತೆಗೆದು, ಪುಟದ ಸಂಖ್ಯೆ ಕೊಟ್ಟು, ಆ ವಾಕ್ಯಗಳನ್ನು ಇದ್ದ ಹಾಗೇ ಟೈಪ್ ಮಾಡಿ ಹಾಕಿದರು. ಕೊನೆಗೆ ಒಂದು ಸಾಲು ಸೇರಿಸಿದರು: "ಇಷ್ಟು ದೊಡ್ಡ ಆರೋಪ ಹೊರಿಸುವ ಮುಂಚೆ ಪುಸ್ತಕ ಒಮ್ಮೆ ತೆರೆದು ನೋಡಬಹುದಿತ್ತು." ಖಾರವಾದ ಮಾತು, ಆದರೆ ನ್ಯಾಯವಾದ ಮಾತು. ಮೊದಲನೆಯವರಿಗೆ ತಪ್ಪು ಅರ್ಥವಾಯಿತು. ತಾವು ಬರೆದಿದ್ದನ್ನು ಸದ್ದಿಲ್ಲದೆ ತೆಗೆದುಬಿಟ್ಟರು.

ಈಗ ಆ ಪುಟ ಹೇಗೆ ಕಾಣುತ್ತದೆ ನೋಡಿ. ಮೇಲೆ ಶೀರ್ಷಿಕೆ. ಅದರ ಕೆಳಗೆ ಏಕಾಏಕಿ ಒಬ್ಬರು ಯಾರನ್ನೋ ಬೈಯುತ್ತಿದ್ದಾರೆ. ಯಾವ ಆರೋಪ? ಯಾರು ಹೊರಿಸಿದ್ದು? ಗೊತ್ತಿಲ್ಲ. ಮೂರನೆಯವರೊಬ್ಬರು ಬಂದು, "ಸ್ವಲ್ಪ ಸಮಾಧಾನ ಇರಲಿ, ಇಲ್ಲಿ ಯಾರೂ ನಿಮ್ಮ ಮೇಲೆ ಆರೋಪ ಮಾಡಿಲ್ಲ" ಅಂತ ಬುದ್ಧಿ ಹೇಳಿ ಹೋದರು! ಎರಡನೆಯವರಿಗೆ ಮೈಯೆಲ್ಲ ಉರಿಯಿತು. ಪುಟದ ಪ್ರತಿ ಬದಲಾವಣೆಯೂ ದಾಖಲಾಗುವ ಇತಿಹಾಸಕ್ಕೆ ಹೋಗಿ ಆ ಕಮೆಂಟನ್ನು ಹುಡುಕಿ ತಂದು ವಾಪಸ್ ಹಾಕಿದರು. ಮೊದಲನೆಯವರು "ನನ್ನ ಮಾತು, ನನ್ನ ಇಷ್ಟ" ಅಂತ ಮತ್ತೆ ತೆಗೆದರು. ಅವರು ಹಾಕುವುದು, ಇವರು ತೆಗೆಯುವುದು. ಸಂಜೆ ಹೊತ್ತಿಗೆ ಪುಟದ ಇತಿಹಾಸದ ತುಂಬ ಇವರಿಬ್ಬರದೇ ಹೆಸರು. ಉಲ್ಲೇಖದ ವಿಷಯ ಯಾರಿಗೂ ನೆನಪಿರಲಿಲ್ಲ.

ಮೊದಲನೆಯವರು ಕೆಟ್ಟ ಬುದ್ಧಿಯಿಂದ ಅಳಿಸಿದ್ದಲ್ಲ. ನಾಚಿಕೆಯಾಗಿ ಅಳಿಸಿದ್ದು. ಅವರ ಲೆಕ್ಕದಲ್ಲಿ ಅದೇ ಕ್ಷಮೆ. ಆದರೆ ಆ ಕ್ಷಮೆ ಯಾರಿಗೂ ಕಾಣಲಿಲ್ಲ. ಕಂಡದ್ದು ಎರಡನೆಯವರ ಸಿಟ್ಟು ಮಾತ್ರ. ಅಳಿಸುವವರು ಮರೆಯುವುದು ಇದನ್ನೇ. ನಿಮ್ಮ ಕಮೆಂಟ್ ಹೋದರೆ ನಿಮ್ಮ ತಪ್ಪು ಮರೆಯಾಗುತ್ತದೆ, ಆದರೆ ನಿಮಗೆ ಉತ್ತರ ಕೊಟ್ಟವರು ಬುದ್ಧಿಗೆಟ್ಟವರಂತೆ ಕಾಣುತ್ತಾರೆ.

ಕೊನೆಗೆ ಆಗಿದ್ದೇನು? ಮೂಲ ಕಮೆಂಟ್ ವಾಪಸ್ ಬಂತು. "ಇದು ನೀವೇ ಹುಟ್ಟಿಸಿದ್ದು" ಅನ್ನುವ ಮಾತಿಗೆ ಮಾತ್ರ ಅವರೇ ಗೀಟು ಎಳೆದರು. ಪಕ್ಕದಲ್ಲಿ "ನಾನು ಬೇರೆ ಮುದ್ರಣ ನೋಡಿದ್ದೆ. ಈ ಮಾತು ಹಿಂತೆಗೆದುಕೊಂಡಿದ್ದೇನೆ" ಅಂತ ಬರೆದರು. ಸ್ವಲ್ಪ ಹೊತ್ತಿನಲ್ಲಿ ಎರಡನೆಯವರೂ ತಮ್ಮ ಕೊನೆಯ ಖಾರದ ಸಾಲಿಗೆ ಗೀಟು ಎಳೆದರು. ಅವರಿಗೆ ಯಾರೂ ಹೇಳಿರಲಿಲ್ಲ.

ಗೀಟು ಎಳೆಯುವ ಕ್ರಮ

ವಿಕಿಪೀಡಿಯದಲ್ಲಿ ಎಚ್‌ಟಿಎಂಎಲ್‌ನ ಎಸ್ ಅಥವಾ ಡೆಲ್ ಟ್ಯಾಗ್ ಬಳಸುತ್ತಾರೆ. ಹಿಂತೆಗೆದುಕೊಳ್ಳುವ ಮಾತಿನ ಹಿಂದೆ ಒಂದು, ಮುಂದೆ ಒಂದು, ಹೀಗೆ: <s>ಮಾತು</s>. ಹೊಸದಾಗಿ ಸೇರಿಸಿದ ಮಾತಿಗೆ ಇನ್ಸ್ ಟ್ಯಾಗ್ ಹಾಕಿದರೆ ಅದು ಅಡಿಗೆರೆಯೊಂದಿಗೆ ಕಾಣುತ್ತದೆ. ಗಿಟ್‌ಹಬ್‌ನಲ್ಲಿ ಇನ್ನೂ ಸುಲಭ, ಎರಡೂ ಬದಿಗೆ ~~ ಹಾಕಿದರೆ ಗೀಟು ಬೀಳುತ್ತದೆ.

ಆಮೇಲೆ ಸಮಯ ಹಾಕಿ. ವಿಕಿಪೀಡಿಯದಲ್ಲಿ ನಾಲ್ಕು ಟಿಲ್ಡ್, ಅಂದರೆ ~~~~, ಹಾಕಿದರೆ ಹೆಸರು ಮತ್ತು ಸಮಯ ಎರಡೂ ಬರುತ್ತವೆ ಅಂತ ಎಲ್ಲರಿಗೂ ಗೊತ್ತು. ಐದು ಹಾಕಿದರೆ ಸಮಯ ಮಾತ್ರ ಬರುತ್ತದೆ. ತಿದ್ದಿದ್ದಕ್ಕೆ ಇದೇ ಸರಿ: "ತಿದ್ದಿದ್ದು ~~~~~" ಅಂತ ಹಳೆಯ ಸಹಿಯ ಪಕ್ಕದಲ್ಲಿ ಹಾಕಿ. ಹಳೆಯ ಸಹಿ, ಹಳೆಯ ಸಮಯ ಹಾಗೇ ಇರಲಿ. ಅದನ್ನು ಬದಲಿಸಿದರೆ ಉತ್ತರವೇ ಪ್ರಶ್ನೆಗಿಂತ ಮುಂಚೆ ಬಂದ ಹಾಗೆ ಆಗುತ್ತದೆ.

ಪೂರ್ತಿ ಕಮೆಂಟಿಗೆ ಗೀಟು ಎಳೆಯುವ ಅಗತ್ಯ ಬಹಳ ಸಲ ಇರುವುದಿಲ್ಲ. ಯಾವ ಮಾತು ತಪ್ಪೋ ಅದಕ್ಕೆ ಮಾತ್ರ ಎಳೆಯಿರಿ. ಕಾರಣ ಒಂದು ಸಾಲು ಸಾಕು, ಪುರಾಣ ಬೇಡ. ಕಾರಣ ಬರೆಯುವಾಗಲೇ ಮತ್ತೆ ಜಗಳ ಹಚ್ಚುವವರಿದ್ದಾರೆ. "ಕೆಲವರಿಗೆ ಬೇಜಾರಾಯಿತಂತೆ, ಅದಕ್ಕೆ ತೆಗೆದಿದ್ದೇನೆ" ಅನ್ನುವುದು ಹಿಂತೆಗೆದುಕೊಂಡ ಹಾಗಲ್ಲ, ಇನ್ನೊಂದು ಏಟು ಹಾಕಿದ ಹಾಗೆ. "ಇದು ಅತಿಯಾಯಿತು, ಹಿಂತೆಗೆದುಕೊಂಡಿದ್ದೇನೆ" ಅನ್ನಿ. ಸಾಕು.

ಪೂರ್ತಿ ತೆಗೆಯಲೇಬೇಕು, ಗೀಟಿನ ಕೆಳಗೂ ಆ ಮಾತು ಕಾಣುವುದು ಬೇಡ ಅನ್ನಿಸಿದರೆ, ಆ ಜಾಗದಲ್ಲಿ "ಬರೆದವರೇ ಈ ಕಮೆಂಟ್ ತೆಗೆದಿದ್ದಾರೆ" ಅಂತ ಬರೆದು ಸಹಿ ಹಾಕಿ. ಮೊದಲು ಉತ್ತರ ಕೊಟ್ಟವರನ್ನು ಕೇಳಿದರೆ ಇನ್ನೂ ಒಳ್ಳೆಯದು. ಬೇಡ ಅನ್ನುವವರು ಅಪರೂಪ. ಅವರಿಗೆ ಬೇಕಾದದ್ದು ತಮ್ಮ ಉತ್ತರ ಅನಾಥವಾಗಬಾರದು ಅನ್ನುವುದಷ್ಟೇ.

ಅಳಿಸುವುದಕ್ಕಿಂತಲೂ ಕೆಟ್ಟದ್ದು ಒಂದಿದೆ: ಸದ್ದಿಲ್ಲದೆ ಬದಲಾಯಿಸುವುದು. ನೀವು "1956" ಅಂತ ಬರೆದಿದ್ದಿರಿ, ಇನ್ನೊಬ್ಬರು "ಅಲ್ಲ, 1957" ಅಂದರು. ನೀವು ಹೋಗಿ ನಿಮ್ಮದನ್ನೇ "1957" ಮಾಡಿದಿರಿ. ಈಗ ಅವರು ಸುಮ್ನೆ ಅಡ್ಡಮಾತು ಆಡಿದ ಹಾಗೆ ಕಾಣುತ್ತದೆ. ಅಳಿಸಿದರೆ ಏನೋ ಕಾಣೆಯಾಗಿದೆ ಅಂತಾದರೂ ಓದುವವರಿಗೆ ಅನುಮಾನ ಬರುತ್ತದೆ. ಬದಲಾಯಿಸಿದರೆ ಅದೂ ಇಲ್ಲ. ಇದನ್ನು ನಾನು ಮೋಸ ಅಂತಲೇ ಕರೆಯುತ್ತೇನೆ.

ಮತ ಹಾಕಿದ ಕಡೆ ಮನಸ್ಸು ಬದಲಾದರೂ ಇದೇ ಕ್ರಮ. ಹಳೆಯ ಮತಕ್ಕೆ ಗೀಟು, ಪಕ್ಕದಲ್ಲಿ ಹೊಸದು. ವಿಕಿಯಲ್ಲಿ ಸಂಖ್ಯೆ ಬರುವ ಪಟ್ಟಿ ಇದ್ದರೆ ಸಾಲಿನ ಮೊದಲ # ತೆಗೆದು #: ಹಾಕಿ. ಆಗ ಸಾಲು ಉಳಿಯುತ್ತದೆ, ಲೆಕ್ಕಕ್ಕೆ ಸೇರುವುದಿಲ್ಲ.

ಜಾಗ ಬೇರೆಯಾದರೆ ರೀತಿಯೂ ಬೇರೆ

ಎಲ್ಲ ಕಡೆ ವಿಕಿಪೀಡಿಯದ ರೀತಿ ನಡೆಯುವುದಿಲ್ಲ. ಗಿಟ್‌ಹಬ್‌ನಲ್ಲಿ ಕಮೆಂಟ್ ತಿದ್ದಿದರೆ "ಎಡಿಟೆಡ್" ಅಂತ ಗುರುತು ಬೀಳುತ್ತದೆ, ಅದನ್ನು ಒತ್ತಿದರೆ ಹಳೆಯ ರೂಪ ಕಾಣುತ್ತದೆ. ಅಳಿಸಿದರೂ ಒಂದು ಕಮೆಂಟ್ ಅಳಿಸಲಾಗಿದೆ ಅನ್ನುವ ಗುರುತು ಆ ಸಾಲಿನಲ್ಲಿ ಉಳಿಯುತ್ತದೆ. ಹಾಗಾಗಿ ಅಲ್ಲಿ ತಿದ್ದುವುದೇ ಜಾಣತನ. ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣ ಸ್ಟಾಕ್ ಓವರ್‌ಫ್ಲೋನಲ್ಲಿ ಉತ್ತರ ಬೇರೆ, ಕಮೆಂಟ್ ಬೇರೆ. ಅಲ್ಲಿ ಕಮೆಂಟ್‌ಗಳು ತಾತ್ಕಾಲಿಕ ಅಂತಲೇ ಲೆಕ್ಕ. ಬರೆದ ಐದು ನಿಮಿಷದೊಳಗೆ ತಿದ್ದಬಹುದು, ಯಾವಾಗ ಬೇಕಾದರೂ ಅಳಿಸಬಹುದು, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಆದರೆ ಪ್ರಶ್ನೆ ಕೇಳಿದವರು ಒಪ್ಪಿಕೊಂಡ ಉತ್ತರವನ್ನು ಬರೆದವರೂ ಅಳಿಸುವ ಹಾಗಿಲ್ಲ. ಈ ವ್ಯತ್ಯಾಸ ನನಗೆ ಇಷ್ಟ. ಯಾವುದು ಉಳಿಯಬೇಕು, ಯಾವುದು ಹೋಗಬಹುದು ಅಂತ ಮೊದಲೇ ಹೇಳಿಬಿಟ್ಟರೆ ಅರ್ಧ ರಗಳೆ ಕಡಿಮೆ.

ಗೂಗಲ್ ಡಾಕ್ಸ್‌ನಲ್ಲಿ ಒಂದು ಬಲೆ ಇದೆ. ಮೊದಲ ಕಮೆಂಟ್ ನಿಮ್ಮದಾಗಿದ್ದು ಅದನ್ನು ಅಳಿಸಿದರೆ ಅದರ ಕೆಳಗಿನ ಎಲ್ಲರ ಉತ್ತರಗಳೂ ಒಟ್ಟಿಗೆ ಹೋಗುತ್ತವೆ. ನಾಲ್ಕು ಜನ ತಲೆ ಕೆಡಿಸಿಕೊಂಡು ಬರೆದದ್ದು ನಿಮ್ಮ ಒಂದು ಕ್ಲಿಕ್‌ಗೆ ಮಾಯ. ಅಲ್ಲಿ ಯಾವಾಗಲೂ "ರಿಸಾಲ್ವ್" ಒತ್ತಿ. ಪುಟ ಚೊಕ್ಕವಾಗುತ್ತದೆ, ಬೇಕಾದಾಗ ಮತ್ತೆ ತೆರೆಯಬಹುದು.

ಇನ್ನು ವಾಟ್ಸ್ಆಪ್ ಗುಂಪು. ಎಲ್ಲರಿಗೂ ಅಳಿಸುವ ಸೌಲಭ್ಯ 2017ರಲ್ಲಿ ಬಂತು, 2023ರಲ್ಲಿ ಹದಿನೈದು ನಿಮಿಷದೊಳಗೆ ತಿದ್ದುವ ಸೌಲಭ್ಯವೂ ಬಂತು. ಅಳಿಸಿದರೆ ಸಂದೇಶ ಅಳಿಸಲಾಗಿದೆ ಅನ್ನುವ ಸಾಲು ಉಳಿಯುತ್ತದೆ. ಅದನ್ನು ನೋಡಿದ ಪ್ರತಿಯೊಬ್ಬರೂ "ಏನಿತ್ತು, ಏನಿತ್ತು" ಅಂತ ಕೇಳುತ್ತಾರೆ. ಅಳಿಸಿದ ಕೂಡಲೇ ನೀವೇ "ಬೇರೆ ಗುಂಪಿಗೆ ಹಾಕಬೇಕಿದ್ದದ್ದು" ಅಂದುಬಿಡಿ. ಟೆಲಿಗ್ರಾಮ್, ಡಿಸ್ಕಾರ್ಡ್‌ನಂಥ ಕಡೆ ಸಂದೇಶ ಹೋದ ಜಾಗದಲ್ಲಿ ಏನೂ ಉಳಿಯುವುದಿಲ್ಲ. ಅಲ್ಲಿ ಉತ್ತರ ಬಂದ ಮಾತನ್ನು ಅಳಿಸುವುದು ಇನ್ನೂ ಹೆಚ್ಚು ಗೊಂದಲ ಮಾಡುತ್ತದೆ. ಎಡಿಟ್ ಮಾಡಿ, ಏನು ಬದಲಾಯಿತು ಅಂತ ಕೊನೆಯಲ್ಲಿ ಬರೆಯಿರಿ.

ಇದೆಲ್ಲ ಇವತ್ತಿನ ತಕರಾರಲ್ಲ. 1985ರಲ್ಲಿ ಶುರುವಾದ ವೆಲ್ ಅನ್ನುವ ಆನ್‌ಲೈನ್ ಸಮುದಾಯದಲ್ಲಿ ಎರಡು ದಾರಿ ಇದ್ದವು. ಒಂದು ಹೈಡ್: ಮಾತು ಮುಚ್ಚಿರುತ್ತದೆ, ಬೇಕಾದವರು ತೆರೆದು ಓದಬಹುದು. ಇನ್ನೊಂದು ಸ್ಕ್ರಿಬಲ್: ಮಾತು ಹೋಗುತ್ತದೆ, ಆದರೆ ಇಲ್ಲಿ ಒಂದು ಮಾತಿತ್ತು, ಬರೆದವರು ತೆಗೆದರು ಅನ್ನುವ ಗುರುತು ಉಳಿಯುತ್ತದೆ. ಅಷ್ಟು ಹಿಂದೆಯೇ ಅವರಿಗೆ ಇದು ಹೊಳೆದಿತ್ತು. ಇವತ್ತಿನ ಎಷ್ಟೋ ಆಪ್‌ಗಳಿಗೆ ಇನ್ನೂ ಹೊಳೆದಿಲ್ಲ.

ಕೇಳದೆ, ಕಾಯದೆ ಅಳಿಸಬೇಕಾದ್ದು

ಫೋನ್ ನಂಬರ್, ಮನೆ ವಿಳಾಸ, ಪಾಸ್‌ವರ್ಡ್, ಇನ್ನೊಬ್ಬರ ಖಾಸಗಿ ವಿಷಯ. ಇವು ಕೈತಪ್ಪಿ ಬಿದ್ದಿದ್ದರೆ ಮೇಲೆ ಹೇಳಿದ ಶಿಷ್ಟಾಚಾರವೆಲ್ಲ ಪಕ್ಕಕ್ಕೆ. ಎಷ್ಟು ಉತ್ತರ ಬಂದಿದ್ದರೂ ಮೊದಲು ತೆಗೆಯಿರಿ. ಪಾಸ್‌ವರ್ಡ್ ಅಥವಾ ಎಪಿಐ ಕೀ (ಪ್ರೋಗ್ರಾಮ್‌ಗಳು ಬಳಸುವ ಪಾಸ್‌ವರ್ಡ್‌ನಂಥದ್ದು) ಆದರೆ ತೆಗೆಯುವುದಕ್ಕಿಂತ ಮುಂಚೆ ಅದನ್ನೇ ಬದಲಾಯಿಸಿ. ನೀವು ಅಳಿಸುವಷ್ಟರಲ್ಲಿ ಅದು ಯಾರದೋ ಕೈ ಸೇರಿರಬಹುದು.

ವಿಕಿಪೀಡಿಯದಲ್ಲಿ ತೆಗೆದದ್ದೂ ಪುಟದ ಇತಿಹಾಸದಲ್ಲಿ ಇದ್ದೇ ಇರುತ್ತದೆ. ಅದನ್ನು ನಿರ್ವಾಹಕರು ಸಾಮಾನ್ಯ ಓದುಗರಿಂದ ಮರೆಮಾಡಬಹುದು. ಇನ್ನೂ ಗಂಭೀರವಾದದ್ದನ್ನು ಓವರ್‌ಸೈಟ್ ಅಧಿಕಾರ ಇರುವವರು ನಿರ್ವಾಹಕರಿಗೂ ಕಾಣದ ಹಾಗೆ ಮಾಡುತ್ತಾರೆ. ಅವರಿಗೆ ಈಮೇಲ್ ಮಾಡಿ. ಎಲ್ಲರೂ ಓದುವ ಪುಟದಲ್ಲಿ "ನನ್ನ ಫೋನ್ ನಂಬರ್ ಇಲ್ಲಿದೆ, ಬೇಗ ತೆಗೆಯಿರಿ" ಅಂತ ಲಿಂಕ್ ಹಾಕಿ ಕೂಗಿದರೆ ಡಂಗುರ ಹೊಡೆದ ಹಾಗೆ. ಅಳಿಸುವಾಗ ಸಾರಾಂಶದಲ್ಲೂ ಏನೂ ವಿವರ ಬೇಡ.

ನಿಮ್ಮದೇ ಸದಸ್ಯ ಚರ್ಚೆ ಪುಟಕ್ಕೂ, ಅಂದರೆ ಬೇರೆಯವರು ನಿಮಗೆ ಸಂದೇಶ ಬರೆಯುವ ಪುಟಕ್ಕೂ, ಬೇರೆ ಲೆಕ್ಕ. ಇಂಗ್ಲಿಷ್ ವಿಕಿಪೀಡಿಯದಲ್ಲಿ ನಿಮ್ಮ ಪುಟಕ್ಕೆ ಬಂದ ಎಚ್ಚರಿಕೆಗಳನ್ನೂ ನೀವು ತೆಗೆಯಬಹುದು. ತೆಗೆದಿರಿ ಅಂದರೆ ಓದಿದ್ದೀರಿ ಅಂತ ಅರ್ಥ. ನಿಮ್ಮನ್ನು ಸಂಪಾದನೆ ಮಾಡದಂತೆ ತಡೆದ ನಿರ್ಬಂಧ ಇನ್ನೂ ಜಾರಿಯಲ್ಲಿರುವಾಗ, ಅದನ್ನು ತೆರವು ಮಾಡಿ ಅಂತ ನೀವು ಕೊಟ್ಟು ತಿರಸ್ಕೃತವಾದ ಮನವಿಯನ್ನು ತೆಗೆಯುವ ಹಾಗಿಲ್ಲ, ಅಂಥ ಕೆಲವು ಬಿಟ್ಟರೆ ಉಳಿದದ್ದು ನಿಮ್ಮಿಷ್ಟ. ಇನ್ನೊಬ್ಬರು ತಮ್ಮ ಪುಟದಿಂದ ತೆಗೆದ ಎಚ್ಚರಿಕೆಯನ್ನು ಮತ್ತೆ ಮತ್ತೆ ಅಂಟಿಸುವವರನ್ನು ನೋಡಿದ್ದೇನೆ. ಯಾಕೆ ಬೇಕು ಆ ಉಸಾಬರಿ?

ಇನ್ನೊಬ್ಬರು ಅಳಿಸಿ ನಿಮ್ಮ ಉತ್ತರ ಒಂಟಿಯಾದಾಗ

ಮೊದಲ ಕೆಲಸ, ಏನೂ ಮಾಡದೆ ಸ್ವಲ್ಪ ಹೊತ್ತು ಬಿಡಿ. ಅವರು ತಿದ್ದಿ ಬರೆಯುತ್ತಿರಬಹುದು. ಆಮೇಲೂ ಹಾಗೇ ಇದ್ದರೆ ನಿಮ್ಮ ಉತ್ತರದ ಮೇಲೆ ಒಂದು ಸಾಲು ಸೇರಿಸಿ: "ಇದು ಒಂದು ಕಮೆಂಟಿಗೆ ಕೊಟ್ಟ ಉತ್ತರ. ಬರೆದವರು ಅದನ್ನು ಈಗ ತೆಗೆದಿದ್ದಾರೆ." ವಿಕಿಯಲ್ಲಾದರೆ ಆ ಬದಲಾವಣೆಯ ಲಿಂಕ್ ಕೊಡಿ. ನಿಮ್ಮ ಮರ್ಯಾದೆ ಉಳಿಯಿತು, ಅವರ ಮಾತನ್ನು ನೀವು ಮುಟ್ಟಲೂ ಇಲ್ಲ.

ವಾಪಸ್ ಹಾಕಬೇಡಿ. ಹಾಕುವುದು ತಪ್ಪು ಅಂತಲ್ಲ, ಅದರಿಂದ ಪ್ರಯೋಜನ ಇಲ್ಲ. ಅವರು ತೆಗೆಯುತ್ತಾರೆ, ನೀವು ಹಾಕುತ್ತೀರಿ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಂದೇ ಪುಟದಲ್ಲಿ 24 ಗಂಟೆಯೊಳಗೆ ಮೂರಕ್ಕಿಂತ ಹೆಚ್ಚು ಸಲ ಇನ್ನೊಬ್ಬರ ಬದಲಾವಣೆ ರದ್ದು ಮಾಡಿದರೆ ನಿರ್ಬಂಧ ಬೀಳಬಹುದು. ನ್ಯಾಯ ನಿಮ್ಮ ಕಡೆ ಇದ್ದರೂ ಸಿಕ್ಕಿಬೀಳುವುದು ನೀವೇ. ಬದಲಿಗೆ ಅವರ ಚರ್ಚೆ ಪುಟದಲ್ಲಿ ನಯವಾಗಿ ಕೇಳಿ: "ನಿಮ್ಮ ಕಮೆಂಟ್ ಇಲ್ಲದೆ ನನ್ನ ಉತ್ತರಕ್ಕೆ ಅರ್ಥ ಇಲ್ಲದಂತಾಗಿದೆ. ವಾಪಸ್ ಹಾಕಿ ಗೀಟು ಎಳೆಯಬಹುದಾ?" ಬಹಳ ಜನ ಒಪ್ಪುತ್ತಾರೆ. ಗೀಟು ಎಳೆಯುವ ದಾರಿಯೇ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ.

ಸ್ಕ್ರೀನ್‌ಶಾಟ್ ತೆಗೆದು ಊರಿಗೆಲ್ಲ ಹಂಚುವ ಚಟ ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ಬೆದರಿಕೆ, ಕಿರುಕುಳ ಇದ್ದರೆ ತೆಗೆದಿಟ್ಟುಕೊಂಡು ನಿರ್ವಾಹಕರಿಗೆ ಕಳಿಸಿ, ಅದು ಸರಿ. ಸಿಟ್ಟಿನಲ್ಲಿ ಒಂದು ಮಾತು ಆಡಿ, ಯಾರೂ ಉತ್ತರಿಸುವ ಮುಂಚೆ ತಾವೇ ತೆಗೆದವರನ್ನು ಹಿಡಿದು ಎಳೆದಾಡುವುದು ಸರಿಯಲ್ಲ. ಅವರು ಸರಿಯಾದದ್ದನ್ನೇ ಮಾಡಿದ್ದಾರೆ, ನೀವೂ ನೋಡಿಲ್ಲದ ಹಾಗೆ ಇದ್ದುಬಿಡಿ.

ಸಮುದಾಯ ಬಿಟ್ಟು ಹೋಗುವಾಗ

ಮನಸ್ಸು ಕೆಟ್ಟು ಹೊರಡುವವರು ತಮ್ಮದೆಲ್ಲ ಅಳಿಸಿಕೊಂಡು ಹೋಗಲು ನೋಡುತ್ತಾರೆ. 2023ರ ಜೂನ್‌ನಲ್ಲಿ ರೆಡಿಟ್ ಅನ್ನುವ ಚರ್ಚಾ ತಾಣದ ವಿರುದ್ಧದ ಪ್ರತಿಭಟನೆಯಲ್ಲಿ ಎಷ್ಟೋ ಜನ ತಮ್ಮ ಹಳೆಯ ಕಮೆಂಟ್‌ಗಳನ್ನು ಅಳಿಸಿದರು. 2024ರ ಮೇನಲ್ಲಿ ಸ್ಟಾಕ್ ಓವರ್‌ಫ್ಲೋ ಕೃತಕ ಬುದ್ಧಿಮತ್ತೆ ಕಂಪನಿ ಓಪನ್ಎಐ ಜೊತೆ ಒಪ್ಪಂದ ಮಾಡಿಕೊಂಡಾಗ ಕೆಲವರು ತಮ್ಮ ಉತ್ತರಗಳನ್ನು ಅಳಿಸಲು, ಕೆಡಿಸಲು ಹೋದರು. ಅಲ್ಲಿನ ನಿರ್ವಾಹಕರು ಅವನ್ನು ವಾಪಸ್ ಹಾಕಿದರು, ಖಾತೆಗಳನ್ನು ಕೆಲ ದಿನ ಅಮಾನತಿನಲ್ಲಿಟ್ಟರು.

ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಪುಕ್ಕಟೆ ಕೊಟ್ಟದ್ದನ್ನು ಇನ್ನೊಬ್ಬರು ಮಾರಿಕೊಂಡರೆ ಯಾರಿಗೆ ತಾನೇ ಉರಿಯುವುದಿಲ್ಲ? ಆದರೂ ಎರಡು ವಿಷಯ ಗೊತ್ತಿರಲಿ. ವಿಕಿಪೀಡಿಯ, ಸ್ಟಾಕ್ ಓವರ್‌ಫ್ಲೋ ಎರಡೂ ಕಡೆ ನೀವು ಬರೆದದ್ದು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ, ಅಂದರೆ ಬರೆದವರ ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದು ಅನ್ನುವ ಅನುಮತಿಯಲ್ಲಿ, ಹೊರಬರುತ್ತದೆ. ಹಕ್ಕುಸ್ವಾಮ್ಯ ನಿಮ್ಮದೇ, ಆದರೆ ಕೊಟ್ಟ ಅನುಮತಿ ವಾಪಸ್ ಪಡೆಯುವ ಹಾಗಿಲ್ಲ. ಎರಡನೆಯದು, ನೀವು ಅಳಿಸಿದ್ದರಿಂದ ಪೆಟ್ಟು ಬೀಳುವುದು ಕಂಪನಿಗಲ್ಲ. ಅವರ ಹತ್ತಿರ ಪ್ರತಿ ಇರುತ್ತದೆ. ಹತ್ತು ವರ್ಷದ ಹಿಂದೆ ನಿಮ್ಮ ಜೊತೆ ಕೂತು ಒಂದು ಸಮಸ್ಯೆ ಬಿಡಿಸಿದವರ ಮಾತುಗಳು ಮಾತ್ರ ಪುಟದಲ್ಲಿ ತಲೆಬುಡವಿಲ್ಲದೆ ಉಳಿಯುತ್ತವೆ.

ಹೊರಡಲೇಬೇಕಾದರೆ ಹೆಸರನ್ನು ತೆಗೆಯಿರಿ, ಮಾತನ್ನು ಬಿಡಿ. ವಿಕಿಪೀಡಿಯದಲ್ಲಿ ಖಾತೆ ಅಳಿಸುವ ದಾರಿಯೇ ಇಲ್ಲ, ಬರೆದವರು ಯಾರು ಅನ್ನುವ ದಾಖಲೆ ಬೇಕಾದ್ದರಿಂದ. ಆದರೆ ವ್ಯಾನಿಶಿಂಗ್ ಅಂತ ಒಂದು ಕ್ರಮ ಇದೆ. ಮನವಿ ಕೊಟ್ಟರೆ ಖಾತೆಗೆ ಗುರುತು ಸಿಗದ ಹೆಸರು ಕೊಡುತ್ತಾರೆ, ಇತಿಹಾಸದಲ್ಲೆಲ್ಲ ಆ ಹೊಸ ಹೆಸರೇ ಕಾಣುತ್ತದೆ. ಚರ್ಚೆಗಳಲ್ಲಿ ಹಾಕಿದ ಹಳೆಯ ಸಹಿಗಳು ಮಾತ್ರ ತಾವಾಗಿ ಬದಲಾಗುವುದಿಲ್ಲ, ಅದನ್ನು ಬೇರೆಯಾಗಿ ಕೇಳಬೇಕು. ರೆಡಿಟ್‌ನಲ್ಲಿ ಖಾತೆ ಮುಚ್ಚಿದರೆ ಕಮೆಂಟ್ ಉಳಿದು ಹೆಸರು ಮಾತ್ರ ಹೋಗುತ್ತದೆ. ಅರ್ಧಕ್ಕೆ ನಿಂತ ಚರ್ಚೆಗಳಲ್ಲಿ "ನಾನು ಇನ್ನು ಇದರಲ್ಲಿ ಇರುವುದಿಲ್ಲ, ನನ್ನ ಉತ್ತರಕ್ಕೆ ಕಾಯಬೇಡಿ" ಅಂತ ಬರೆದು, ಆಮೇಲೆ ಮನವಿ ಕಳಿಸಿ.